ಮಗಳು ಬ್ಯೋರ್ಕ್ ದಾರಿ ಹಿಡಿಯುತ್ತೇನೆ ಎನ್ನುತ್ತಾಳೆ

ಪ್ರಶ್ನೆ: ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ಒಂಬತ್ತು ವರ್ಷ ಕರ್ನಾಟಕ ಸಂಗೀತ ಕಲಿತು ಸೀನಿಯರ್ ಪರೀಕ್ಷೆ ಮುಗಿಸಿದ್ದಾಳೆ. ಈಗ ಬಿ.ಕಾಂ. ಓದುತ್ತಿದ್ದಾಳೆ. ರಾತ್ರಿಯಾದರೆ ಲ್ಯಾಪ್‌ಟಾಪ್ ಮುಂದೆ ಕುಳಿತು ನಲ್ಲಿಯ ನೀರು, ಕುಕ್ಕರ್ ಸೀಟಿ, ಬಚ್ಚಲ ಬಾಗಿಲಿನ ಕಿರಗುಟ್ಟುವಿಕೆ ಎಲ್ಲವನ್ನೂ ರೆಕಾರ್ಡ್ ಮಾಡಿ ಅದರ ಮೇಲೆ ಹಾಡುತ್ತಾಳೆ. ವಿದ್ವತ್ ಪರೀಕ್ಷೆಗೆ ಕಟ್ಟು ಎಂದರೆ 'ನಾನು ಬ್ಯೋರ್ಕ್ ದಾರಿ ಹಿಡಿಯುತ್ತೇನೆ' ಎನ್ನುತ್ತಾಳೆ. ಹುಡುಕಿ ನೋಡಿದೆ, ಹಂಸವನ್ನೇ ಮೈಗೆ ಸುತ್ತಿಕೊಂಡಂಥ ಉಡುಪಿನಲ್ಲಿ ಒಬ್ಬ ಹೆಂಗಸಿನ ಚಿತ್ರ ಸಿಕ್ಕಿತು. ಯಾರಿವರು? ಇಂಥ ಸಂಗೀತದಿಂದ ಹೊಟ್ಟೆ ತುಂಬುತ್ತದೆಯೇ? ಮಗಳನ್ನು ತಡೆಯಲೋ, ಬಿಡಲೋ? ನಾನೂ ಒಮ್ಮೆ ಕೇಳಿ ನೋಡಬೇಕೆಂದರೆ ಎಲ್ಲಿಂದ ಶುರು ಮಾಡಲಿ?
— ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ತುಸು ಹೊಟ್ಟೆಕಿಚ್ಚೂ ಆಯಿತು. ಹತ್ತೊಂಬತ್ತರ ವಯಸ್ಸಿನಲ್ಲಿ ನನಗೆ ಕುಕ್ಕರ್ ಸೀಟಿ ಎಂದರೆ ಅನ್ನ ಆಯಿತು ಎಂದಷ್ಟೇ ಅರ್ಥ. ಇಪ್ಪತ್ತೆಂಟು ವರ್ಷ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಧ್ವನಿಮುದ್ರಣದ ಕೆಲಸ ಮಾಡಿದ ಮೇಲೆ ಈಗ ಅದು ಯಾವ ಶ್ರುತಿಯಲ್ಲಿದೆ ಎಂದು ಕಿವಿ ಹುಡುಕುತ್ತದೆ. ನಿಮ್ಮ ಮಗಳು ಆ ಹಾದಿಗೆ ಬೇಗ ಬಂದಿದ್ದಾಳೆ.

ಹಂಸದ ಉಡುಪಿನ ವಿಷಯ ಮುಗಿಸಿಬಿಡೋಣ. ಅದು 2001ರ ಆಸ್ಕರ್ ಸಮಾರಂಭದ್ದು. ತಾವು ನಾಯಕಿಯಾಗಿ ನಟಿಸಿದ್ದ ಚಿತ್ರದ ಹಾಡಿಗೆ ನಾಮನಿರ್ದೇಶನ ಸಿಕ್ಕಿದ್ದರಿಂದ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಅಲ್ಲಿಗೆ ಹೋಗಿದ್ದರು. ಅದಕ್ಕೆ ಹಿಂದಿನ ವರ್ಷ ಅದೇ ಪಾತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂದಿತ್ತು. ಇಪ್ಪತ್ತು ವರ್ಷ ದಾಟಿದರೂ ಜನ ಉಡುಪನ್ನೇ ನೆನೆಸಿಕೊಳ್ಳುತ್ತಾರೆ. ಆದರೆ ಆ ಉಡುಪಿನ ವರ್ಷವೇ ಅವರು ಹೊರತಂದ ಆಲ್ಬಂ ಒಂದಿದೆ. ನಿಮ್ಮ ಮನೆಯಲ್ಲಿ ರಾತ್ರಿ ನಡೆಯುವ ಗದ್ದಲಕ್ಕೆ ನೇರ ಸಂಬಂಧ ಇರುವುದು ಅದಕ್ಕೆ. ಅಲ್ಲಿಗೆ ಬರುತ್ತೇನೆ, ಮೊದಲು ಊರು, ಮನೆ, ಹೆಸರು.

ಪೂರ್ತಿ ಹೆಸರು ಬ್ಯೋರ್ಕ್ ಗುಡ್‌ಮುಂಡ್ಸ್‌ದೊಟ್ಟಿರ್. ಗುಡ್‌ಮುಂಡುರನ ಮಗಳು ಬ್ಯೋರ್ಕ್ ಎಂದರ್ಥ. ಅಪ್ಪನ ಹೆಸರು ನಮ್ಮಲ್ಲಿ ಇನಿಷಿಯಲ್ ಆಗಿ ಮುಂದೆ ಕೂರುತ್ತದೆ, ಐಸ್‌ಲ್ಯಾಂಡಿನಲ್ಲಿ ಹಿಂದೆ. ಕರೆಯುವುದು ಮಾತ್ರ ನಮ್ಮ ಹಾಗೆಯೇ ಸ್ವಂತ ಹೆಸರಿನಿಂದ. ಹುಟ್ಟಿದ್ದು 1965ರ ನವೆಂಬರ್ 21ರಂದು, ರಾಜಧಾನಿ ರೇಕ್ಯಾವಿಕ್‌ನಲ್ಲಿ. ಅಪ್ಪ ಎಲೆಕ್ಟ್ರಿಷಿಯನ್, ಮುಂದೆ ಕಾರ್ಮಿಕ ಸಂಘದ ಮುಖಂಡ. ತಂದೆ ತಾಯಿ ಬೇರೆಯಾದ ಮೇಲೆ ಬೆಳೆದದ್ದು ತಾಯಿಯ ಜೊತೆ, ಗಿಟಾರ್ ನುಡಿಸುವ ಮಲತಂದೆ ಇದ್ದ ಮನೆಯಲ್ಲಿ. ಇಡೀ ಐಸ್‌ಲ್ಯಾಂಡಿನ ಜನಸಂಖ್ಯೆ ಇಂದಿಗೂ ನಾಲ್ಕು ಲಕ್ಷ ಮುಟ್ಟಿಲ್ಲ, ಅಂದರೆ ನಿಮ್ಮ ಮೈಸೂರಿನ ಅರ್ಧದಷ್ಟೂ ಇಲ್ಲ. 'ನಮ್ಮ ಭಾಷೆಗೆ ಮಾರುಕಟ್ಟೆ ಚಿಕ್ಕದು' ಎಂದು ಯಾರಾದರೂ ನನ್ನೆದುರು ಗೊಣಗಿದಾಗಲೆಲ್ಲ ಈ ಲೆಕ್ಕ ಹೇಳುತ್ತೇನೆ.

ಒಂದು ವಿಷಯದಲ್ಲಿ ಅವರೂ ನಿಮ್ಮ ಮಗಳೂ ಒಂದೇ. ಬ್ಯೋರ್ಕ್ ಐದಾರನೇ ವಯಸ್ಸಿನಿಂದ ಊರಿನ ಸಂಗೀತ ಶಾಲೆಗೆ ಹೋಗಿ ವರ್ಷಗಟ್ಟಲೆ ಕೊಳಲು, ಪಿಯಾನೊ ಕಲಿತವರು. ಪ್ರಯೋಗ ಮಾಡುವವರೆಲ್ಲ ಪಾಠ ತಪ್ಪಿಸಿಕೊಂಡವರು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾನು ಕಂಡ ಮಟ್ಟಿಗೆ ಅದು ತಲೆಕೆಳಗಾದ ಮಾತು. ಸ್ವರ ಗಟ್ಟಿ ಇದ್ದವರಿಗೇ ಸ್ವರ ಬಿಟ್ಟು ಹೊರಗೆ ಕಾಲಿಡುವ ಧೈರ್ಯ ಬರುವುದು. ಆ ಒಂಬತ್ತು ವರ್ಷದ ಫೀಸು ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದು ನೀವು ಬರೆದಿಲ್ಲ, ಆದರೆ ಸಾಲುಗಳ ನಡುವೆ ಕೇಳಿಸಿತು. ಹೋಗಿಲ್ಲ ಸ್ವಾಮಿ.

ಶಾಲೆಯ ಕಾರ್ಯಕ್ರಮದಲ್ಲಿ ಹುಡುಗಿ ಹಾಡಿದ್ದು ರೇಡಿಯೋದಲ್ಲಿ ಬಂತು. ಅದನ್ನು ಕೇಳಿ ಒಂದು ಕಂಪನಿ ಕರೆಯಿತು. 1977ರಲ್ಲಿ, ಇನ್ನೂ ಹನ್ನೆರಡು ತುಂಬುವ ಹೊತ್ತಿನಲ್ಲಿ, ಒಂದು ಆಲ್ಬಂ ಹೊರಬಿತ್ತು. ಬಹುಪಾಲು ಬೇರೆಯವರ ಜನಪ್ರಿಯ ಹಾಡುಗಳು, ಐಸ್‌ಲ್ಯಾಂಡಿನ ಭಾಷೆಯಲ್ಲಿ. ಒಂದು ಮಾತ್ರ ಆಕೆಯೇ ಕಟ್ಟಿದ ವಾದ್ಯ ರಚನೆ, ತಮ್ಮ ನಾಡಿನ ಚಿತ್ರಕಾರ ಯೊಹಾನೆಸ್ ಕ್ಯಾರ್ವಾಲ್‌ನ ನೆನಪಿಗೆ. ಹನ್ನೊಂದರ ಹುಡುಗಿ ಕೊಳಲು ಹಿಡಿದು ಒಬ್ಬ ಚಿತ್ರಕಾರನ ಬಗ್ಗೆ ರಾಗ ಕಟ್ಟುತ್ತಾಳೆ ಎಂದರೆ ಮುಂದಿನದಕ್ಕೆ ಅದೊಂದೇ ಸುಳಿವು ಸಾಕಿತ್ತು. ಆಲ್ಬಂ ಆ ಪುಟ್ಟ ದೇಶದ ಮಟ್ಟಿಗೆ ಚೆನ್ನಾಗಿ ಮಾರಿತು. ಇನ್ನೊಂದು ಮಾಡೋಣ ಎಂದರು. ಹುಡುಗಿ ಒಲ್ಲೆ ಎಂದಳು. ರಿಯಾಲಿಟಿ ಷೋಗೆ ಮಕ್ಕಳನ್ನು ಸಾಲುಗಟ್ಟಿ ನಿಲ್ಲಿಸುವ ನಮ್ಮ ಕಾಲದಲ್ಲಿ ಈ 'ಒಲ್ಲೆ' ಎಷ್ಟು ದೊಡ್ಡದು ಎಂದು ಯೋಚಿಸಿ.

ಮುಂದಿನ ಹತ್ತು ವರ್ಷ ಪಂಕ್ ತಂಡಗಳು, ಅಂದರೆ ಒರಟು ಬಂಡಾಯದ ರಾಕ್ ಸಂಗೀತದವು. ಒಂದರ ಹೆಸರು ತಾಪ್ಪಿ ತೀಕರಾಸ್. ಅದರ ಅರ್ಥವನ್ನು ಈ ಅಂಕಣದಲ್ಲಿ ಬರೆಯಲಾರೆ. ಇನ್ನೊಂದು ಕುಕ್ಲ್, ಅಂದರೆ ಮಾಟ. ಕುಕ್ಲ್‌ನ ಎರಡು ಆಲ್ಬಂ ಇಂಗ್ಲೆಂಡಿನ ಕ್ರಾಸ್ ಎಂಬ ಅರಾಜಕತಾವಾದಿ ಗುಂಪಿನ ಲೇಬಲ್‌ನಲ್ಲಿ, ಅಂದರೆ ರೆಕಾರ್ಡ್ ಕಂಪನಿಯಲ್ಲಿ, ಬಂದವು. 'ಇದಕ್ಕಿಂತ ಹೆಚ್ಚು ದುಡ್ಡು ಕೊಡಬೇಡಿ' ಎಂದು ರೆಕಾರ್ಡಿನ ಹೊದಿಕೆಯ ಮೇಲೇ ಬೆಲೆ ಅಚ್ಚು ಹಾಕುತ್ತಿದ್ದ ಜನ ಅವರು. ಕಲೆಯ ಜೊತೆಗೆ ಕಿರಾಣಿ ಲೆಕ್ಕವನ್ನೂ ಬ್ಯೋರ್ಕ್ ಕಲಿತದ್ದು ಈ ಸಹವಾಸದಲ್ಲಿ ಎಂಬುದು ನನ್ನ ಅನಿಸಿಕೆ.

ಆ ಲೆಕ್ಕದ ಒಂದು ಪುಟವನ್ನು ನಿಮಗೆ ತೋರಿಸಲೇಬೇಕು, ನೀವು ಬ್ಯಾಂಕಿನವರು. 1986ರಲ್ಲಿ ರೇಕ್ಯಾವಿಕ್‌ನ ಕವಿಗಳು, ಹಾಡುಗಾರರು, ಚಿತ್ರಕಾರರು ಸೇರಿ ಸ್ಮೆಕ್‌ಲೇಸಾ ಎಂಬ ಕೂಟ ಕಟ್ಟಿಕೊಂಡರು. ಹೆಸರಿನ ಅರ್ಥ 'ಕೆಟ್ಟ ಅಭಿರುಚಿ'. ಪುಸ್ತಕ, ರೆಕಾರ್ಡು ತರಬೇಕು, ಕೈಯಲ್ಲಿ ಕಾಸಿಲ್ಲ. ಅಕ್ಟೋಬರ್‌ನಲ್ಲಿ ಅಮೆರಿಕದ ರೇಗನ್, ಸೋವಿಯತ್ತಿನ ಗೋರ್ಬಚೆವ್ ಶೃಂಗಸಭೆಗೆಂದು ಅದೇ ಊರಿಗೆ ಬಂದರು. ಊರ ತುಂಬ ಪರದೇಶದ ಪತ್ರಕರ್ತರು. ಕೂಟದವರು ಇಬ್ಬರು ನಾಯಕರ ಚಿತ್ರವಿದ್ದ ಒಂದು ಅಂಚೆ ಕಾರ್ಡು ಅಚ್ಚು ಹಾಕಿಸಿ ಮಾರಿದರು. ಅದರಿಂದ ಬಂದ ದುಡ್ಡೇ ಕೂಟದ ಬಂಡವಾಳ. ಜಗತ್ತು ಅಣುಬಾಂಬಿನ ಚೌಕಾಸಿ ನೋಡುತ್ತಿದ್ದಾಗ ಇವರು ಅಂಚೆ ಕಾರ್ಡು ಮಾರಿ ರೆಕಾರ್ಡ್ ಕಂಪನಿ ತೆರೆದರು.

ಅದೇ ವರ್ಷದ ಜೂನ್‌ನಲ್ಲಿ ಬ್ಯೋರ್ಕ್‌ಗೆ ಮಗ ಹುಟ್ಟಿದ್ದ. ಆಗ ಅವರಿಗೆ ಇಪ್ಪತ್ತು. ಆ ಹೊತ್ತಿಗೇ ಆರಂಭವಾದ ತಂಡ ಶುಗರ್‌ಕ್ಯೂಬ್ಸ್. ಮೊದಲ ಹಾಡು 1987ರಲ್ಲಿ ಇಂಗ್ಲೆಂಡಿನಲ್ಲಿ ಹಿಡಿಸಿತು, ಮರುವರ್ಷ ಆಲ್ಬಂ ಬಂತು. ದೊಡ್ಡ ಕಂಪನಿಗಳು ಬೆನ್ನು ಹತ್ತಿದವು; ತಂಡ ಹೋಗಿದ್ದು ಲಂಡನ್ನಿನ ಒಂದು ಪುಟ್ಟ ಸ್ವತಂತ್ರ ಲೇಬಲ್‌ಗೆ. ಅದನ್ನು ನಡೆಸುತ್ತಿದ್ದ ಡೆರೆಕ್ ಬರ್ಕೆಟ್ ಸ್ವತಃ ಪಂಕ್ ತಂಡವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಹಳೆಯ ಗೆಳೆಯ. ತಂಡ 1992ರಲ್ಲಿ ಚದುರಿತು. ಬ್ಯೋರ್ಕ್ ಆ ಲೇಬಲ್ ಬಿಡಲಿಲ್ಲ. 1993ರ 'ಡೆಬ್ಯೂ'ದಿಂದ 2022ರ 'ಫೊಸ್ಸೋರಾ'ವರೆಗೆ ಹತ್ತೂ ಆಲ್ಬಂ ಅಲ್ಲಿಂದಲೇ. ಮೂವತ್ತು ವರ್ಷ ಒಂದೇ ಅಂಗಡಿಯಲ್ಲಿ ಖಾತೆ.

ಇದೇಕೆ ಮುಖ್ಯ? ದೊಡ್ಡ ಕಂಪನಿಯ ಸಾಮಾನ್ಯ ಕರಾರಿನಲ್ಲಿ ಕಲಾವಿದರಿಗೆ ಕೊಡುವ ಮುಂಗಡ ಎಂದರೆ ಸಾಲ. ಧ್ವನಿಮುದ್ರಣದ ಖರ್ಚನ್ನೂ ಅದಕ್ಕೇ ಸೇರಿಸುತ್ತಾರೆ. ಕಲಾವಿದರ ಪಾಲಿನ ರಾಯಧನದಿಂದ ಪೂರ್ತಿ ವಸೂಲಾಗುವವರೆಗೆ ಅವರ ಕೈಗೆ ಬಿಡಿಗಾಸು ಬರುವುದಿಲ್ಲ. ವಸೂಲಾದ ಮೇಲೂ ಮೂಲ ಧ್ವನಿಮುದ್ರಿಕೆಯ ಒಡೆತನ ಕಂಪನಿಯದೇ. ಗೃಹಸಾಲದ ಕೊನೆಯ ಕಂತು ಕಟ್ಟಿದ ಮೇಲೂ ಮನೆ ಬ್ಯಾಂಕಿನ ಹೆಸರಿನಲ್ಲೇ ಉಳಿದ ಹಾಗೆ. ಚಿಕ್ಕ ಸ್ವತಂತ್ರ ಲೇಬಲ್‌ಗಳ ಪದ್ಧತಿ ಸಾಮಾನ್ಯವಾಗಿ ಬೇರೆ: ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ನಿಮಗೆ, ಅರ್ಧ ನಮಗೆ. ಮಾರಾಟ ಕಡಿಮೆ ಇದ್ದಾಗಲೂ ಇದು ಬದುಕಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಿಂದಿನ ಆಲ್ಬಂನಂತೆಯೇ ಇನ್ನೊಂದು ಮಾಡಿಕೊಡಿ ಎಂದು ಪೀಡಿಸುವ ಗುಮಾಸ್ತರು ಅಲ್ಲಿರುವುದಿಲ್ಲ.

ಡೆಬ್ಯೂ ಬಂದಾಗ, ಶುಗರ್‌ಕ್ಯೂಬ್ಸ್‌ನ ಅಭಿಮಾನಿಗಳು ಇಷ್ಟು ಜನ ಎಂದು ಲೆಕ್ಕ ಹಾಕಿ ಲೇಬಲ್ ಅಂದಾಜಿಸಿದ್ದು ಜಗತ್ತಿನಾದ್ಯಂತ 40,000 ಪ್ರತಿ. ಅಷ್ಟು ಮಾರಿದರೆ ಸಾಕು ಎಂಬ ಹಿಸಾಬಿನಲ್ಲೇ ಕೆಲಸ ನಡೆದಿತ್ತು. ಆ ವರ್ಷ ಮುಗಿಯುವುದರೊಳಗೆ ಮಾರಾಟ ಆರು ಲಕ್ಷ ದಾಟಿತು. ಆರು ಲಕ್ಷ ನನ್ನನ್ನು ಬೆರಗುಗೊಳಿಸುವುದಿಲ್ಲ, ಅದೃಷ್ಟ ಯಾರಿಗೆ ಬೇಕಾದರೂ ಒಲಿಯಬಹುದು. 40,000ಕ್ಕೆ ಸಾಕಾಗುವಷ್ಟು ಚಾಪೆ ಹಾಸಿ ಕುಳಿತಿದ್ದರಲ್ಲ, ಅದು ನೋಡಿ ಕಲಿಯಬೇಕಾದದ್ದು.

ಆ ಆಲ್ಬಂನಲ್ಲಿ ನಮ್ಮ ದೇಶದ ಪಾಲೂ ಇದೆ. 'ವೀನಸ್ ಆ್ಯಸ್ ಎ ಬಾಯ್' ಎಂಬ ಹಾಡಿನ ತಂತಿವಾದ್ಯಗಳ ಸಂಯೋಜನೆ ಲಂಡನ್ನಿನ ತಬಲಾ ವಾದಕ ತಲ್ವಿನ್ ಸಿಂಗ್ ಅವರದು. ಅವರು ಅದನ್ನು ಮುಂಬೈಯಲ್ಲಿ ಸಿನಿಮಾ ವಾದ್ಯಗೋಷ್ಠಿಯವರ ಕೈಯಲ್ಲಿ ನುಡಿಸಿ ತಂದರು. ಕೇಳಿದರೆ ನಿಮಗೇ ಗೊತ್ತಾಗುತ್ತದೆ. ಪಾಶ್ಚಾತ್ಯ ಪಿಟೀಲು ತಂಡ ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತುತ್ತದೆ. ಇಲ್ಲಿ ಪಿಟೀಲುಗಳು ಜಾರುತ್ತವೆ. ನಮ್ಮ ಹಳೆಯ ಚಿತ್ರಗೀತೆಗಳ ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಅದೇ ಜಾರು. ಅದೇ ಆಲ್ಬಂನ ಇನ್ನೊಂದು ಹಾಡನ್ನು ಲಂಡನ್ನಿನ ಒಂದು ಕ್ಲಬ್ಬಿನ ಶೌಚಾಲಯದಲ್ಲಿ ಧ್ವನಿಮುದ್ರಿಸಿದ್ದಾರೆ. ಹಾಡಿನ ಹೆಸರಿನ ಪಕ್ಕದಲ್ಲೇ ಹಾಗೆಂದು ಅಚ್ಚಾಗಿದೆ. ಬಚ್ಚಲಿನ ಬಾಗಿಲಿಗೆ ಮೈಕ್ ಹಿಡಿಯುವ ನಿಮ್ಮ ಮಗಳಿಗೆ ಇದು ಖಂಡಿತ ಗೊತ್ತಿರುತ್ತದೆ.

1995ರ 'ಪೋಸ್ಟ್' ಆಲ್ಬಂಗಾಗಿ ಬಹಾಮಾಸ್ ದ್ವೀಪದ ಸ್ಟುಡಿಯೋಗೆ ಹೋದಾಗ ಉದ್ದನೆಯ ಕೇಬಲ್ ಎಳೆಸಿ, ಮೈಕ್ ಹಿಡಿದು, ಸಮುದ್ರ ದಂಡೆಯಲ್ಲಿ ಹಾಡಿದ್ದರು. ನನ್ನಂಥ ಧ್ವನಿಮುದ್ರಣಕಾರನಿಗೆ ಇದು ದುಃಸ್ವಪ್ನ. ಗಾಳಿ, ಅಲೆ, ಉಪ್ಪು. 1997ರ 'ಹೊಮೊಜೆನಿಕ್' ಎಂಟು ತಂತಿವಾದ್ಯಗಳು ಮತ್ತು ಬಿರುಕುಬಿಟ್ಟ ಲಾವಾ ನೆಲದಂಥ ಯಂತ್ರತಾಳ, ಅಷ್ಟೇ. ಹಲವರು ಅದನ್ನೇ ಅವರ ಶಿಖರ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ನನಗೆ ಶಿಖರ 2001ರ 'ವೆಸ್ಪರ್‌ಟೀನ್'. ಹೆಸರಿಡುವ ಮುನ್ನ ಆ ಆಲ್ಬಂಗೆ ಅವರು ಕರೆಯುತ್ತಿದ್ದ ಹೆಸರು 'ಡೊಮೆಸ್ಟಿಕಾ'. ಮನೆವಾರ್ತೆ ಎನ್ನಬಹುದು. ಸಿನಿಮಾ ಚಿತ್ರೀಕರಣದ ದಣಿವು, ಕಹಿ ಎರಡರಿಂದಲೂ ತಪ್ಪಿಸಿಕೊಂಡು ಮನೆಯೊಳಗೆ ಬಾಗಿಲು ಹಾಕಿಕೊಂಡು, ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಿದ ಕೆಲಸ. ಡ್ರಮ್ ಇಲ್ಲ. ತಾಳವೆಲ್ಲ ಕಣಕಣ ಸದ್ದುಗಳಿಂದ ಕಟ್ಟಿದ್ದು: ಇಸ್ಪೀಟೆಲೆ ಕಲೆಸುವ ಸದ್ದು, ಮಂಜುಗಡ್ಡೆ ಬಿರಿಯುವ ಸದ್ದು. 'ಅರೋರಾ' ಎಂಬ ಹಾಡಿನಲ್ಲಿ ಹಿಮದ ಮೇಲೆ ಯಾರೋ ನಡೆಯುವ ಹಾಗೆ ಕೇಳುತ್ತದೆ. ಅದು ಕಲ್ಲುಪ್ಪಿನ ಮೇಲಿನ ಹೆಜ್ಜೆ. ಅಮೆರಿಕದ ಮ್ಯಾಟ್‌ಮೋಸ್ ಎಂಬ ಸಂಗೀತಗಾರರ ಜೋಡಿ ಮಾಡಿಕೊಟ್ಟದ್ದು.

ವಾದ್ಯಗಳ ಆಯ್ಕೆಯ ಹಿಂದಿನ ಯೋಚನೆ ನೋಡಿ, ಇದು ಕಸುಬಿನವರ ತಲೆ. ಆಗಷ್ಟೇ ಜನ ಹಾಡುಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಲು ಶುರು ಮಾಡಿದ್ದರು. ಕುಗ್ಗಿಸಿದ ಕಡತದಲ್ಲಿ ಪಿಟೀಲಿನ ಮೈ, ಡ್ರಮ್ಮಿನ ಗುಂಡಿಗೆ ಎರಡೂ ಒಣಗಿಹೋಗುತ್ತವೆ. ಮೀಟುವ, ಕುಟುಕುವ ಸ್ವರಗಳು ಮಾತ್ರ ಅಷ್ಟಾಗಿ ಕೆಡುವುದಿಲ್ಲ. ಹಾಗಾಗಿ ಹಾರ್ಪ್, ಸೆಲೆಸ್ಟಾ, ಕ್ಲಾವಿಕಾರ್ಡ್ ಮತ್ತು ಕೀಲಿ ಕೊಟ್ಟರೆ ಟಿಣಿಟಿಣಿ ಎನ್ನುವ ಸಂಗೀತ ಪೆಟ್ಟಿಗೆ. ಸಂಗೀತ ಪೆಟ್ಟಿಗೆಗಳನ್ನು ಅವರದೇ ರಾಗಗಳಿಗೆ ಹೊಸದಾಗಿ ಮಾಡಿಸಿದರು. ತಯಾರಕರು ಮರದಲ್ಲೇ ಮಾಡುವ ರೂಢಿಯವರು, ಮರವಿದ್ದರೆ ನಾದ ಮೆದು. ಇವರಿಗೆ ಬೇಕಾದದ್ದು ಹರಳುಗಟ್ಟಿದಂಥ ಗಡಸು ಸದ್ದು. ಕೊನೆಗೆ ಪಾರದರ್ಶಕ ಪ್ಲಾಸ್ಟಿಕ್ ಗಾಜಿನಲ್ಲಿ ಮಾಡಿಸಿಕೊಂಡರು. ತಿರುಗಾಟಕ್ಕೆ ಕ್ರೀಡಾಂಗಣ ಬೇಡವೆಂದು ಒಪೆರಾ ಮಂದಿರಗಳಲ್ಲಿ, ಗ್ರೀನ್‌ಲ್ಯಾಂಡಿನ ಹುಡುಗಿಯರ ಮೇಳ ಕಟ್ಟಿಕೊಂಡು ಹಾಡಿದರು.

ಆ ಆಲ್ಬಂ ಹೆಡ್‌ಫೋನ್‌ನಲ್ಲಿ ಕೇಳುವಾಗ ಗಾಯಕಿ ಕಿವಿಯ ಹತ್ತಿರ ಉಸಿರಾಡುತ್ತಾರೆ. ಉಸಿರನ್ನು ಅಳಿಸಿಲ್ಲ. ನಮ್ಮ ಸ್ಟುಡಿಯೋಗಳಲ್ಲಿ ನಾನು ಎಷ್ಟು ಗಾಯಕಿಯರ ಉಸಿರನ್ನು ಕತ್ತರಿಸಿ ಎಸೆದಿದ್ದೇನೋ ಲೆಕ್ಕವಿಲ್ಲ. 'ಚೊಕ್ಕ' ಇರಬೇಕು ಎನ್ನುವುದು ನಿರ್ಮಾಪಕರ ಆಜ್ಞೆ. ವೆಸ್ಪರ್‌ಟೀನ್ ಕೇಳಿದ ಮೇಲೆ ಆ ಕತ್ತರಿ ಎತ್ತುವಾಗೆಲ್ಲ ಕೈ ಒಂದು ಕ್ಷಣ ತಡೆಯುತ್ತದೆ.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬಂದೆ. ಹೊರಗಿನಿಂದ ನೋಡಿದರೆ ಬ್ಯೋರ್ಕ್ ಮನಸ್ಸು ಬಂದಂತೆ ಕುಣಿಯುವವರ ಹಾಗೆ ಕಾಣುತ್ತಾರೆ. ಒಳಗೆ ಇರುವುದು ಪಥ್ಯ. ಪ್ರತಿ ಆಲ್ಬಂಗೂ ತಮಗೆ ತಾವೇ ಒಂದು ಕಟ್ಟುನಿಟ್ಟು ಹಾಕಿಕೊಳ್ಳುತ್ತಾರೆ: ಇದು ಬಿಟ್ಟು ಬೇರೆ ಮುಟ್ಟುವುದಿಲ್ಲ. ವೆಸ್ಪರ್‌ಟೀನ್‌ನಲ್ಲಿ ಪಿಸುಸದ್ದು. 2004ರ 'ಮೆಡುಲ್ಲಾ'ದಲ್ಲಿ ಬಹುಮಟ್ಟಿಗೆ ಮನುಷ್ಯರ ಗಂಟಲು ಮಾತ್ರ, ತಾಳವೂ ಬಾಯಿಯದೇ. ಅಮೆರಿಕದ ಬಾಯಿತಾಳಗಾರ ರಹ್‌ಜೆಲ್, ಕೆನಡಾದ ಇನುಯಿಟ್ ಗಾಯಕಿ ತಾನ್ಯಾ ತಗಾಕ್, ಐಸ್‌ಲ್ಯಾಂಡಿನ ಮೇಳ ಎಲ್ಲರೂ ಸೇರಿ ಗಂಟಲಿನಿಂದ ಒಂದು ವಾದ್ಯಗೋಷ್ಠಿಯನ್ನೇ ಎಬ್ಬಿಸಿದರು. ಕೊನ್ನಕ್ಕೋಲು ಕೇಳಿ ಬೆಳೆದ ನಮಗೆ ಬಾಯಿತಾಳ ಹೊಸದಲ್ಲ, ಆದರೂ ಅದರ ಕೆಲವು ಭಾಗ ಕೇಳಿದಾಗ ಹೆದರಿಕೆಯಾಗುತ್ತದೆ. ಅದರದೇ ಒಂದು ಹಾಡನ್ನು ಆ ವರ್ಷ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಾಡಿದರು. ಉಡುಪಿನ ಸೆರಗು ಹರಡುತ್ತ ಹರಡುತ್ತ ಮೈದಾನದಲ್ಲಿದ್ದ ಕ್ರೀಡಾಪಟುಗಳ ಮೇಲೆಲ್ಲ ಹೊದಿಕೆಯಾಯಿತು. 2017ರ 'ಯುಟೋಪಿಯಾ'ದಲ್ಲಿ ಕೊಳಲು, 2022ರ ಫೊಸ್ಸೋರಾದಲ್ಲಿ ಮಂದ್ರದ ಕ್ಲಾರಿನೆಟ್. ಫೊಸ್ಸೋರಾದಲ್ಲಿ 2018ರಲ್ಲಿ ತೀರಿಕೊಂಡ ತಾಯಿಯ ನೆನಪಿಗೆ ಕಟ್ಟಿದ ಎರಡು ಹಾಡುಗಳಿವೆ. ಆ ತಾಯಿ 2002ರಲ್ಲಿ ಒಂದು ಅಣೆಕಟ್ಟು ಮತ್ತು ಅಲ್ಯೂಮಿನಿಯಂ ಕಾರ್ಖಾನೆಯ ವಿರುದ್ಧ ಉಪವಾಸ ಕುಳಿತಿದ್ದವರು.

ಪಥ್ಯದ ಮಾತನ್ನು ನಿಮ್ಮ ಮಗಳಿಗೆ ಹೇಳಿ. ಲ್ಯಾಪ್‌ಟಾಪಿನಲ್ಲಿ ಸಾವಿರಾರು ವಾದ್ಯ ಪುಕ್ಕಟೆ ಸಿಗುತ್ತವೆ. ಹೊಸಬರ ಹಾಡುಗಳು ಕೆಡುವುದು ಅದರಿಂದಲೇ. ಈ ತಿಂಗಳು ಅಡುಗೆಮನೆ ಬಿಟ್ಟು ಬೇರೆ ಸದ್ದು ಬೇಡ ಎಂದು ಆಣೆ ಹಾಕಿಕೊಂಡು ಮೂರು ಹಾಡು ಮುಗಿಸಲಿ. ಮುಗಿಸಲಿ ಎಂಬುದಕ್ಕೆ ಗೀಟು ಎಳೆಯಿರಿ. ಶುರು ಮಾಡಿ ಬಿಟ್ಟ ಇನ್ನೂರು ಹಾಡುಗಳಿರುವ ಹುಡುಗ ಹುಡುಗಿಯರು ನನ್ನ ಬಳಿ ವಾರಕ್ಕೊಬ್ಬರು ಬರುತ್ತಾರೆ.

ಎಲ್ಲವೂ ಗೆದ್ದಿತು ಎಂದುಕೊಳ್ಳಬೇಡಿ. 2011ರ 'ಬಯೋಫಿಲಿಯಾ' ಆಲ್ಬಂ ಒಂದು ಆ್ಯಪ್ ಆಗಿಯೂ ಬಂತು. ಹಾಡು ಕೇಳುತ್ತ ಬೆರಳಲ್ಲಿ ಆಡಿ, ಸಂಗೀತದ ವ್ಯಾಕರಣ ಕಲಿಯಬಹುದಿತ್ತು. ಅದಕ್ಕೆಂದು ಹೊಸ ವಾದ್ಯಗಳನ್ನೇ ಮಾಡಿಸಿದ್ದರು, ಮಿಂಚು ಹೊಡೆಯುವ ಟೆಸ್ಲಾ ಸುರುಳಿಯಿಂದ ಮಂದ್ರ ಸ್ವರ ತೆಗೆಸಿದ್ದರು. ಮಕ್ಕಳಿಗೆ ಅದು ಎಷ್ಟು ಹಿಡಿಸಿತೆಂದರೆ ನಾರ್ಡಿಕ್ ದೇಶಗಳ ಶಾಲೆಗಳಿಗೂ ಪಾಠವಾಗಿ ಹೋಯಿತು. 2014ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆ ಸಂಗ್ರಹ ಸೇರಿದ ಮೊದಲ ಆ್ಯಪ್ ಅದು. ಆದರೆ ಅದಕ್ಕೂ ಮುಂಚೆ, 2013ರಲ್ಲಿ, ಆ್ಯಪನ್ನು ಅಗ್ಗದ ಫೋನುಗಳಿಗೂ ತರೋಣ ಎಂದು ಜನರಿಂದ 3,75,000 ಪೌಂಡ್ ವಂತಿಗೆ ಕೇಳಿದಾಗ ಅದರ ಸಣ್ಣ ಚೂರೂ ಸೇರಲಿಲ್ಲ, ಕೆಲವೇ ದಿನಗಳಲ್ಲಿ ಕೈಬಿಟ್ಟರು. ಗಂಟಲಿನಲ್ಲಿ ಗಂಟಾಗಿ ಹಲವು ವರ್ಷ ವ್ಯಾಯಾಮದಿಂದ ಸಂಭಾಳಿಸಿ 2012ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2015ರ 'ವಲ್ನಿಕೂರಾ' ಮಾರ್ಚಿನಲ್ಲಿ ಬರಬೇಕಿತ್ತು, ಜನವರಿಯಲ್ಲೇ ಯಾರೋ ಸೋರಿಸಿದರು; ತಡಮಾಡದೆ ತಾವೇ ಬಿಡುಗಡೆ ಮಾಡಿದರು. ಆ ವರ್ಷವೇ ಅದೇ ಸಂಗ್ರಹಾಲಯದಲ್ಲಿ ನಡೆದ ಅವರ ಜೀವಮಾನದ ಪ್ರದರ್ಶನವನ್ನು ವಿಮರ್ಶಕರು ಹಿಗ್ಗಾಮುಗ್ಗಾ ಬೈದರು.

ಹೆಣ್ಣುಮಗುವಿನ ತಂದೆಯಾದ ನಿಮಗೆ ಇನ್ನೊಂದು ಸಂಗತಿ ಹೇಳಲೇಬೇಕು. 2015ರ ಒಂದು ಸಂದರ್ಶನದಲ್ಲಿ ಬ್ಯೋರ್ಕ್ ಮನಸ್ಸು ಬಿಚ್ಚಿದ್ದರು. ವೆಸ್ಪರ್‌ಟೀನ್‌ನ ಕಣತಾಳಗಳಿಗಾಗಿ ಲ್ಯಾಪ್‌ಟಾಪ್ ಮುಂದೆ ಕುಳಿತು ಮೂರು ವರ್ಷ ಬೆವರು ಹರಿಸಿದವರು ಅವರು. ಮ್ಯಾಟ್‌ಮೋಸ್ ಜೊತೆಗೂಡಿದ್ದು ಕೊನೆಯ ಕೆಲವು ವಾರ. ಆದರೂ ಇಡೀ ಆಲ್ಬಂ ಕಟ್ಟಿದವರು ಮ್ಯಾಟ್‌ಮೋಸ್ ಎಂದೇ ಪತ್ರಿಕೆಗಳು ಬರೆದವು, ಅಲ್ಲವೆಂದು ಮ್ಯಾಟ್‌ಮೋಸ್‌ನವರೇ ಹೇಳಿದರೂ. ಹೆಂಗಸು ಹಾಡುತ್ತಾಳೆ, ಯಂತ್ರ ಮುಟ್ಟುವವನು ಗಂಡಸೇ ಇರಬೇಕು ಎಂಬ ಊಹೆ. ನಮ್ಮಲ್ಲಿ ಬೇರೆ ಇದೆಯೆಂದು ನಟಿಸಲಾರೆ. ಗಂಡಸಾದ ನನಗೇ ಒಮ್ಮೆ ಪೆಟ್ಟು ಬಿದ್ದಿದೆ: ಒಂದು ಭಾವಗೀತೆ ಕ್ಯಾಸೆಟ್ಟಿನ ವಾದ್ಯಸಂಯೋಜನೆ ಪೂರ್ತಿ ನಾನೇ ಮಾಡಿದ್ದೆ, ಹೊದಿಕೆಯ ಮೇಲೆ ಕಾಫಿ ತರಿಸಿಕೊಟ್ಟವರಿಗೂ ಧನ್ಯವಾದವಿತ್ತು, ನನ್ನ ಹೆಸರು ಇರಲಿಲ್ಲ. ಆಗಿನಿಂದ ಯಾವ ತಾರೀಖು, ಯಾವ ಹಾಡು, ಯಾರು ಏನು ಮಾಡಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಿಮ್ಮ ಮಗಳಿಗೆ ಲೆಡ್ಜರ್ ಬರೆಯುವುದನ್ನು ಕಲಿಸಲು ಮನೆಯಲ್ಲಿ ನಿಮಗಿಂತ ಒಳ್ಳೆಯ ಮೇಷ್ಟ್ರು ಬೇಕೇ?

ಹೊಟ್ಟೆಪಾಡಿನ ಪ್ರಶ್ನೆ. ಬ್ಯೋರ್ಕ್‌ರಂತೆ ಆಗುವುದು ಲಕ್ಷಕ್ಕೊಬ್ಬರ ಹಣೆಬರಹ, ಅದನ್ನು ಯೋಜನೆ ಎಂದು ಇಟ್ಟುಕೊಳ್ಳಬಾರದು. ಅವರಿಗೆ ಸರ್ಕಾರದ ನೆರವಿನ ಸಂಗೀತ ಶಾಲೆಯಿತ್ತು, ಲಂಡನ್ ಸುಮಾರು ಮೂರು ಗಂಟೆಯ ಹಾರಾಟದ ದೂರವಿತ್ತು. ನಮ್ಮಲ್ಲಿ ಸಿನಿಮಾದ ಹೊರಗೆ ಹಾಡಿ ಹೆಸರು ಮಾಡುವವರು ಬೆರಳೆಣಿಕೆ. ನಿಮ್ಮದೇ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರಲ್ಲಿ ಮೊದಲ ಆಲ್ಬಂ ತರುವ ಮುಂಚೆ ಎಷ್ಟೋ ವರ್ಷ ವೇದಿಕೆ ಸವೆಸಿದವರು. ಅವರದು ಜನಪದದ ಜನಪ್ರಿಯ ದಾರಿ, ಕುಕ್ಕರ್ ಸೀಟಿಯದು ಅದಕ್ಕಿಂತ ಕಡಿದು. ಹಾಡು ಕೇಳಿಸುವ ಆ್ಯಪ್‌ಗಳಿಂದ ಬರುವ ದುಡ್ಡಿನಲ್ಲಿ ತಿಂಗಳ ಹಾಲಿನ ಬಿಲ್ಲು ಕಟ್ಟುವ ಸ್ವತಂತ್ರ ಸಂಗೀತಗಾರರು ನನಗೆ ಗೊತ್ತಿರುವವರಲ್ಲಿ ಬಹಳ ಇಲ್ಲ. ಅವರು ಬದುಕುವುದು ಇದೇ ಕೌಶಲದ ಅಕ್ಕಪಕ್ಕದ ಕೆಲಸಗಳಿಂದ: ಸಾಕ್ಷ್ಯಚಿತ್ರಕ್ಕೆ, ನಾಟಕಕ್ಕೆ, ನೃತ್ಯಕ್ಕೆ ಸಂಗೀತ, ಜಾಹೀರಾತಿಗೆ, ಗೇಮ್‌ಗಳಿಗೆ ಸದ್ದು, ಬೇರೆಯವರ ಹಾಡುಗಳ ಮಿಕ್ಸಿಂಗ್, ಪಾಠ. ಬಾಗಿಲಿನ ಕಿರಗುಟ್ಟುವಿಕೆಯನ್ನು ಶುದ್ಧವಾಗಿ ಹಿಡಿಯಬಲ್ಲ ಕಿವಿಗೆ ಈ ಕೆಲಸಗಳು ಸಿಗುತ್ತವೆ. ಆದ್ದರಿಂದ ಬಿ.ಕಾಂ. ಮುಗಿಸಲಿ, ಡಿಗ್ರಿ ಕಾಗದಕ್ಕಾಗಿ ಅಲ್ಲ, ಕರಾರು ಓದಲು ಬರುವ ಸಂಗೀತಗಾರರು ಈ ರಾಜ್ಯದಲ್ಲಿ ಕಡಿಮೆ ಎಂಬುದಕ್ಕಾಗಿ. ವಿದ್ವತ್ ಬಗ್ಗೆ ಬಲವಂತ ಬೇಡ, ಬೆಳಗಿನ ಅಕಾರ ಸಾಧನೆ ಮಾತ್ರ ಬಿಡದಂತೆ ನೋಡಿಕೊಳ್ಳಿ.

ಕರಾರಿನ ವಿಷಯಕ್ಕೆ ಎರಡೇ ಮಾತು. ಒಂದು ಹಾಡಿಗೆ ಎರಡು ಆಸ್ತಿಗಳಿರುತ್ತವೆ, ಸಾಹಿತ್ಯ-ಸಂಯೋಜನೆ ಒಂದು, ಅದರ ಧ್ವನಿಮುದ್ರಿಕೆ ಇನ್ನೊಂದು. ಮನೆಯಲ್ಲಿ ತನ್ನ ಲ್ಯಾಪ್‌ಟಾಪಿನಲ್ಲಿ ತಾನೇ ಮುದ್ರಿಸಿದ್ದರೆ ಎರಡೂ ಅವಳದೇ. ಯಾರೋ ವಿಡಿಯೋ ಮಾಡಿಕೊಡುತ್ತೇವೆ ಎಂದ ಮಾತ್ರಕ್ಕೆ ಎರಡನ್ನೂ ಬರೆದುಕೊಡಬಾರದು. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ ಸಾಹಿತಿ, ಸಂಯೋಜಕರ ರಾಯಧನದ ಸಮಪಾಲನ್ನು ಕಂಪನಿಗೆ ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ಅದು ಊರ್ಜಿತವಾಗುವುದಿಲ್ಲ. ಆ ಪಾಲನ್ನು ವಸೂಲು ಮಾಡಿಕೊಡುವ ಸಂಸ್ಥೆ ಐ.ಪಿ.ಆರ್.ಎಸ್.; ನಾಲ್ಕಾರು ಹಾಡು ಹೊರಬಂದ ಮೇಲೆ ಸದಸ್ಯತ್ವ ಮಾಡಿಸಲಿ.

ಯಾವ ಭಾಷೆಯಲ್ಲಿ ಹಾಡುತ್ತಾಳೆ ಎಂದು ನೀವು ಬರೆದಿಲ್ಲ. ಬ್ಯೋರ್ಕ್ ಹೆಚ್ಚು ಹಾಡಿದ್ದು ಇಂಗ್ಲಿಷಿನಲ್ಲಿ, ಆದರೆ ಐಸ್‌ಲ್ಯಾಂಡಿನ ಒರಟು ರಕಾರವನ್ನು ಎಲ್ಲೂ ಒರೆಸಿಕೊಳ್ಳಲಿಲ್ಲ. ಮೆಡುಲ್ಲಾದಲ್ಲಿ ತಾಯಿನುಡಿಯಲ್ಲೇ ಹಾಡಿದ್ದೂ ಇದೆ. ನಿಮ್ಮ ಮಗಳು ಕನ್ನಡದಲ್ಲಿ ಹಾಡಿದರೆ ನನಗೆ ಸಂತೋಷ. ನಮ್ಮ ಳಕಾರಕ್ಕೆ ಮೈಕ್ ಹತ್ತಿರ ಹಿಡಿದು ಮೆಲ್ಲಗೆ ಹಾಡಿದರೆ ಎಂಥ ಸದ್ದು ಬರುತ್ತದೆ ಎಂದು ಯಾರೂ ಸರಿಯಾಗಿ ಪರೀಕ್ಷಿಸಿ ನೋಡಿಲ್ಲ.

ಇನ್ನು ನೀವು ಕೇಳುವುದು. ದಯವಿಟ್ಟು ಟಿ.ವಿ. ಸ್ಪೀಕರಿನಲ್ಲಿ ಬೇಡ. ಊಟವಾದ ಮೇಲೆ, ಬೀದಿಯ ಸದ್ದು ಅಡಗಿದ ಮೇಲೆ, ಮಗಳ ಹೆಡ್‌ಫೋನ್ ಎರವಲು ಪಡೆದು ವೆಸ್ಪರ್‌ಟೀನ್‌ನ ಆರನೆಯ ಹಾಡು 'ಫ್ರಾಸ್ಟಿ' ಹಾಕಿ. ಎರಡು ನಿಮಿಷವೂ ಇಲ್ಲ, ಮಾತಿಲ್ಲ, ಬರೀ ಆ ಗಾಜಿನ ಪೆಟ್ಟಿಗೆ. ಅದು ಮುಗಿಯುತ್ತಿದ್ದಂತೆ ಉಪ್ಪಿನ ಮೇಲಿನ ಹೆಜ್ಜೆ ಕೇಳಿಸುತ್ತದೆ, 'ಅರೋರಾ' ಶುರುವಾಗುತ್ತದೆ. ಹಿಡಿಸಿದರೆ ಮೊದಲಿನಿಂದ ಕೇಳಿ, ಹಿಡಿಸದಿದ್ದರೆ ವೀನಸ್ ಆ್ಯಸ್ ಎ ಬಾಯ್‌ನ ಮುಂಬೈ ಪಿಟೀಲುಗಳಿಗೆ ಹೋಗಿ. ಮೆಡುಲ್ಲಾ ಈಗಲೇ ಬೇಡ, ರಾತ್ರಿ ನಿದ್ರೆ ಕೆಟ್ಟೀತು.

ಮರೆಯುವ ಮುಂಚೆ: ಕುಕ್ಕರಿನ ಹತ್ತಿರಕ್ಕೆ ಮೈಕ್ ಒಯ್ಯಬೇಡ ಎಂದು ಮಗಳಿಗೆ ಹೇಳಿ. ಕಂಡೆನ್ಸರ್ ಮೈಕ್ ಆಗಿದ್ದರೆ ಒಳಗಿನ ತೆಳುಪೊರೆಗೆ ಹಬೆ ತಾಗಿ ತೇವ ಕೂತು ಪಟಪಟ ಸದ್ದು ಬರಲು ಶುರುವಾಗುತ್ತದೆ. ನಾಲ್ಕಡಿ ದೂರ, ಸ್ವಲ್ಪ ಓರೆಯಾಗಿ ಇಡಲಿ. ಮತ್ತೆ ಮೊದಲ ಸೀಟಿ ಯಾವಾಗಲೂ ಒಡೆದುಕೊಂಡು ಬರುತ್ತದೆ, ಎರಡನೆಯದನ್ನು ಹಿಡಿಯಲಿ.